ಗುರುತ್ವ ಅಲೆಯ ಯಂತ್ರಕ್ಕೂ ಬೇಕು ತೂಕದ ಕಲ್ಲು

ಕೇಳುಗರಿಗೆ ನಮಸ್ಕಾರ. ಬೆಳಕನ್ನೂ ಹೊರಬಿಡದ ಕಪ್ಪುಕುಳಿಗಳಂಥವು ಒಂದನ್ನೊಂದು ಸುತ್ತಿ ಡಿಕ್ಕಿ ಹೊಡೆದಾಗ ದೇಶಕಾಲದಲ್ಲೇ ಏಳುವ ಕಂಪನಗಳು ಗುರುತ್ವ ಅಲೆಗಳು; ಅವನ್ನು ಅಳೆಯುವ ಯಂತ್ರವೇ ಲೈಗೊ. ಲೈಗೊ ಎಂದೊಡನೆ ಎಲ್ಲರೂ ಕಪ್ಪುಕುಳಿಗಳ ವಿಷಯ ಕೇಳುತ್ತಾರೆ. ನಾನು ಇಂದು ತಕ್ಕಡಿಯ ವಿಷಯ ಹೇಳಲು ಬಂದಿದ್ದೇನೆ. ತಕ್ಕಡಿಯನ್ನು ನಂಬಬೇಕಾದರೆ ಮುದ್ರೆಯೊತ್ತಿದ ತೂಕದ ಕಲ್ಲನ್ನು ಇಟ್ಟು ನೋಡಬೇಕು. ಗುರುತ್ವ ಅಲೆಗಳನ್ನು ಅಳೆಯುವ ಯಂತ್ರಕ್ಕೂ ಅಂಥದೊಂದು ಕಲ್ಲು ಬೇಕು.

ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಈ ಯಂತ್ರಗಳಿಗೆ ಲೇಸರ್ ಬೆಳಕು ಓಡಾಡುವ, 4 ಕಿಲೋಮೀಟರ್ ಉದ್ದದ ಎರಡೆರಡು ತೋಳುಗಳಿವೆ. ಅಲೆ ಹಾದುಹೋಗುವಾಗ, ಅಲ್ಲಿ ತೂಗುಬಿಟ್ಟಿರುವ 40 ಕಿಲೋ ತೂಕದ ಕನ್ನಡಿಗಳು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅಲುಗಿದರೂ ತಿಳಿಯಬೇಕು.

ಇಲ್ಲಿ ಕಾಗೆಯ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2017ರ ಬೇಸಿಗೆಯಲ್ಲಿ ಹ್ಯಾನ್‌ಫರ್ಡ್‌ನ ದತ್ತಾಂಶದಲ್ಲಿ ವಿಚಿತ್ರ ಗದ್ದಲ ಕಾಣಿಸಿಕೊಂಡಿತು. ಮೈಕ್ರೊಫೋನಿನ ದಾಖಲೆಯನ್ನು ಕೇಳಿದರೆ ಏನೋ ಕುಟ್ಟುವ ಸದ್ದು. ಹೊರಗೆ ಹೋಗಿ ನೋಡಿದಾಗ, ದ್ರವ ಸಾರಜನಕದ ಕೊಳವೆಯ ಮೇಲೆ ಕಟ್ಟಿಕೊಂಡಿದ್ದ ಹಿಮದಲ್ಲಿ ಕೊಕ್ಕಿನ ಗುರುತುಗಳು! ಆ ಬರಡು ಸೀಮೆಯಲ್ಲಿ ಬಾಯಾರಿದ ದೊಡ್ಡ ಜಾತಿಯ ಕಾಗೆಗಳು ಅದನ್ನು ಕುಕ್ಕಿ ತಿನ್ನುತ್ತಿದ್ದವು. ನಾವು ಶಾಲೆಯಲ್ಲಿ ಓದಿದ ಕಾಗೆಯಾದರೂ ಹೂಜಿಗೆ ಕಲ್ಲು ಹಾಕಿ ಸುಮ್ಮನಾಗಿತ್ತು. ಕೊಳವೆಗೆ ಹೊದಿಕೆ ಹಾಕಿದ ಮೇಲೆ ಈ ಕಾಟ ನಿಂತಿತು.

ಆದರೆ ಕಾಗೆಯ ಕತೆಯನ್ನೇ ಮತ್ತೆ ಮತ್ತೆ ಕೇಳುವವರಿಗೆ ನನ್ನದೊಂದು ವಿನಂತಿಯಿದೆ. ಕಾಗೆ ಸದ್ದು ಮಾಡಿ ಸಿಕ್ಕಿಬೀಳುತ್ತದೆ. ನಿಧಾನವಾಗಿ ಜಾರುವ ಅಳತೆ ಸದ್ದೇ ಮಾಡುವುದಿಲ್ಲ. ಚಂದ್ರನ ಸೆಳೆತದಿಂದ ನೆಲವೇ ಹಿಗ್ಗಿ ಕುಗ್ಗಿ, ತೋಳುಗಳ ಉದ್ದ ದಿನಕ್ಕೆರಡು ಬಾರಿ ಬದಲಾಗುತ್ತದೆ. ಲೇಸರ್ ಬೆಳಕಿಗೆ ಕನ್ನಡಿ ತುಸು ಬಿಸಿಯಾಗುತ್ತದೆ. ಕನ್ನಡಿಯ ಮೇಲೆ ವಾರಗಟ್ಟಲೆ ವಿದ್ಯುದಾವೇಶ ಕೂಡಿಕೊಂಡು, ಅದನ್ನು ಹಿಡಿದು ನಿಲ್ಲಿಸುವ ವಿದ್ಯುತ್ ಬಲವೂ ಬದಲಾಗುತ್ತದೆ. ಯಂತ್ರ ಎಂದಿನಂತೆ ನಡೆಯುತ್ತಿರುತ್ತದೆ, ಅಂಕಿಗಳು ಮಾತ್ರ ತಪ್ಪುತ್ತಾ ಹೋಗುತ್ತವೆ. ದೂರದಿಂದ ಬಂದಷ್ಟೂ ಅಲೆ ಸಣ್ಣದಾಗುತ್ತದೆ; ಆದ್ದರಿಂದ ಅಲೆಯ ಎತ್ತರವನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಓದಿದರೆ, ಅದನ್ನು ಹುಟ್ಟಿಸಿದ ಕಪ್ಪುಕುಳಿಗಳು ಇರುವುದಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಪಾಲು ದೂರದಲ್ಲಿರುವಂತೆ ಲೆಕ್ಕ ಬರುತ್ತದೆ.

ಆದ್ದರಿಂದಲೇ ತೂಕದ ಕಲ್ಲು. ಬಲ ಎಷ್ಟೆಂದು ಮೊದಲೇ ಅಳೆದಿಟ್ಟ ಇನ್ನೊಂದು ಲೇಸರ್, ಗೊತ್ತಾದ ಲಯದಲ್ಲಿ ಕನ್ನಡಿಯನ್ನು ಬೆಳಕಿನ ಒತ್ತಡದಿಂದಲೇ ತಳ್ಳುತ್ತಿರುತ್ತದೆ. ತಳ್ಳಿದ್ದೆಷ್ಟು, ಯಂತ್ರ ಓದಿದ್ದೆಷ್ಟು ಎಂದು ಸದಾ ಹೋಲಿಸಿ ಲೆಕ್ಕವನ್ನು ತಿದ್ದುತ್ತಾರೆ. ಕಲ್ಲನ್ನು ತಕ್ಕಡಿಯಿಂದ ಇಳಿಸದೆಯೇ ವ್ಯಾಪಾರ ನಡೆಸಿದಂತೆ ಇದು.

ಸಮಯ ಮುಗಿಯಿತೆಂದು ಸನ್ನೆ ಬರುತ್ತಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಲೈಗೊ-ಇಂಡಿಯಾಕ್ಕೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಸಿದ್ಧವಾದ ಮೇಲೆ ನೀವು ನೋಡಲು ಹೋದರೆ, ಕಪ್ಪುಕುಳಿಯ ಪ್ರಶ್ನೆಗೆ ಮೊದಲು ಆ ಎರಡನೆಯ ಲೇಸರ್ ಎಲ್ಲಿದೆ ಎಂದು ಕೇಳಿ. ನಮಸ್ಕಾರ.