ಲಕ್ಷ್ಮಿಗೆ ಎಷ್ಟು ಅಕ್ಷರ?

ಎಲ್ಲರಿಗೂ ನಮಸ್ಕಾರ. ಲಕ್ಷ್ಮಿ ಅಂತ ಒಂದು ಹೆಸರು ಬರ್ಕೊಳ್ಳಿ. ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಕೂಡ ಹೇಳುತ್ತೆ, ಎರಡು ಅಂತ. ಸಿ ಪ್ರೋಗ್ರಾಂನಲ್ಲಿ ಸ್ಟ್ರ್‌ಲೆನ್ ಅನ್ನೋ ಉದ್ದ ಅಳೆಯೋ ಫಂಕ್ಷನ್‌ನ ಕೇಳಿ, 21 ಅನ್ನುತ್ತೆ, ಯಾಕಂದ್ರೆ ಅದು ಎಣಿಸೋದು ಬೈಟ್‌ಗಳನ್ನ, ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ವೈಡ್ ಕ್ಯಾರೆಕ್ಟರ್‌ಗೆ, ಅಂದ್ರೆ ಒಂದೊಂದು ಸಂಕೇತಕ್ಕೂ ಒಂದೇ ದೊಡ್ಡ ಜಾಗ ಕೊಡೋ ರೂಪಕ್ಕೆ, ಬದಲಾಯಿಸಿ ಲೆಕ್ಕ ಹಾಕಿ, 7 ಬರುತ್ತೆ: ಲ, ಕ, ಹಲಂತ (ಒತ್ತಕ್ಷರ ಜೋಡಿಸೋ ಗುರುತು), ಷ, ಹಲಂತ, ಮ, ಕೊನೆಗೆ ಒಂದು ಗುಡಿಸು.

ಎರಡು ಅನ್ನೋ ಉತ್ತರ ಎಲ್ಲೂ ಬರಲಿಲ್ಲ, ನೋಡಿ. ಒಂದು ಸಂಕೇತಕ್ಕೆ ಹಲವು ಬೈಟ್ ಇರೋ ಯುಟಿಎಫ್-8 ಥರದ ಬರಹಕ್ಕೆ ಮಲ್ಟಿಬೈಟ್ ಅಂತಾರೆ. 'ಮಲ್ಟಿಬೈಟ್‌ನ ವೈಡ್ ಮಾಡಿಬಿಟ್ರೆ ಕನ್ನಡ ಸರಿಹೋಗುತ್ತೆ' ಅನ್ನೋ ಮಾತು ತಪ್ಪು ಅಂತ ನಾನು ಹೇಳೋದು ಇದಕ್ಕೇ.

ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಗುರುತಿನ ಚೀಟಿ ಪ್ರಿಂಟ್ ಮಾಡೋ ಪ್ರೋಗ್ರಾಂ ಇತ್ತು. ಹೆಸರಿಗೆ 10 ಜಾಗ. ಮಲ್ಟಿಬೈಟ್ ಬರಹವನ್ನ ವೈಡ್ ಮಾಡೋ ಎಂಬಿಎಸ್-ಟು-ಡಬ್ಲ್ಯೂಸಿಎಸ್ ಫಂಕ್ಷನ್ ಹಾಕಿ, ಹತ್ತಕ್ಕೆ ಕತ್ತರಿಸೋದು. ವಿಜಯಲಕ್ಷ್ಮಿ ಅಂದ್ರೆ ಕಣ್ಣಿಗೆ ಐದೇ ಅಕ್ಷರ, ಆದ್ರೆ ಸಂಕೇತ ಹನ್ನೊಂದು. ಚೀಟಿ ಮೇಲೆ ಬಂದಿದ್ದು 'ವಿಜಯಲಕ್ಷ್ಮ'. ಗುಡಿಸು ಹೋಯ್ತು. ಆ ಹೆಣ್ಣುಮಗಳು ಚೀಟಿ ಹಿಡ್ಕೊಂಡು ಬಂದು 'ಸರ್, ಇದು ನನ್ ಹೆಸರಲ್ಲ' ಅಂದಾಗ ನನಗೆ ಉತ್ತರ ಕೊಡಕ್ಕೆ ಬಾಯಿ ಬರಲಿಲ್ಲ. ಕೋಡ್‌ನಲ್ಲಿ ಒಂದು ಎರರ್ ಕೂಡ ಇರಲಿಲ್ಲ.

ಹಾಗಂತ ಈ ಫಂಕ್ಷನ್ ಬೇಡ ಅಂತಲ್ಲ. ಬಳಸೋರು ಅದರ ಗುಣ ತಿಳ್ಕೊಂಡು ಬಳಸಬೇಕು. ಲೊಕೇಲ್ ಅಂದ್ರೆ ಯಾವ ಭಾಷೆ, ಯಾವ ಬೈಟ್ ಪದ್ಧತಿ ಅನ್ನೋ ಸೆಟ್ಟಿಂಗ್. ಸಿ ಪ್ರೋಗ್ರಾಂ ಶುರುವಾಗೋದೇ 'ಸಿ' ಲೊಕೇಲ್‌ನಲ್ಲಿ. ಮೊದಲಿಗೇ ಸೆಟ್‌ಲೊಕೇಲ್ ಕರೆದು, ಖಾಲಿ ಸ್ಟ್ರಿಂಗ್ ಕೊಟ್ಟು, ಸಿಸ್ಟಂನ ಲೊಕೇಲ್ ತಗೊಳ್ಳದಿದ್ರೆ ಈ ಬೈಟ್‌ಗಳು ಕನ್ನಡ ಅಂತ ಅದಕ್ಕೆ ಗೊತ್ತೇ ಆಗಲ್ಲ. ಆಮೇಲೆ ಅದು ವಾಪಸ್ ಕೊಡೋ ಬೆಲೆ. ತಪ್ಪಾದ್ರೆ ಮೈನಸ್ ಒಂದು ಬರುತ್ತೆ, ಆದ್ರೆ ಸೈಜ್‌-ಟಿ ರೂಪದಲ್ಲಿ, ಅಂದ್ರೆ ಋಣ ಚಿಹ್ನೆನೇ ಇಲ್ಲದ ಸಂಖ್ಯೆ. 'ಸೊನ್ನೆಗಿಂತ ಕಮ್ಮಿನಾ' ಅಂತ ಪರೀಕ್ಷೆ ಬರೆದ್ರೆ ಅದು ಯಾವತ್ತೂ ನಿಜ ಆಗಲ್ಲ. ಈ ಸಾಲನ್ನ ನಾನು ಎಷ್ಟೋ ಜನರ ಕೋಡ್‌ನಲ್ಲಿ ನೋಡಿದೀನಿ. ಬಫರ್, ಅಂದ್ರೆ ಫಲಿತಾಂಶ ಇಡೋ ಜಾಗ, ಪೂರ್ತಿ ತುಂಬಿದ್ರೆ ಬರಹ ಮುಗೀತು ಅಂತ ಹೇಳೋ ಸೊನ್ನೆಯನ್ನೂ ಕೊನೆಗೆ ಹಾಕಲ್ಲ, ಅದನ್ನ ನೀವೇ ಹಾಕಬೇಕು.

ಫೈಲ್‌ನ 4096 ಬೈಟ್ ತುಂಡುಗಳಾಗಿ ಓದ್ತೀರಿ ಅಂತ ಇಟ್ಕೊಳ್ಳಿ. ಮೂರರಿಂದ ಭಾಗಿಸಿ: 1365 ಸಂಕೇತಕ್ಕೆ 4095 ಬೈಟ್, ಉಳಿದಿದ್ದು ಒಂದು. ಬರೀ ಕನ್ನಡವೇ ಇದ್ರೆ ಆ ಕೊನೇ ಬೈಟ್ ಮುಂದಿನ ಸಂಕೇತದ ತಲೆ, ಮೈ ಇರೋದು ಮುಂದಿನ ತುಂಡಲ್ಲಿ. ಇಲ್ಲಿ ಬೇಕಾಗಿರೋದು ಒಂದೊಂದೇ ಸಂಕೇತವನ್ನ ವೈಡ್ ಮಾಡೋ ಎಂಬಿಆರ್-ಟು-ಡಬ್ಲ್ಯೂಸಿ. ಅದು ಮೈನಸ್ ಎರಡು ಕೊಡುತ್ತೆ, 'ತಪ್ಪಲ್ಲ, ಇನ್ನೂ ಬರೋದಿದೆ' ಅಂತ. ಅರ್ಧ ಓದಿದ್ದನ್ನ ಎಂಬಿಸ್ಟೇಟ್‌ನಲ್ಲಿ ನೆನಪಿಟ್ಕೊಂಡು ಮುಂದಿನ ತುಂಡಿಗೆ ಜೋಡಿಸುತ್ತೆ. ನನಗೆ ಈ ಇಡೀ ಗುಂಪಿನಲ್ಲಿ ತುಂಬಾ ಇಷ್ಟವಾದ ಫಂಕ್ಷನ್ ಇದು.

ಇನ್ನು ವೈಡ್ ಕ್ಯಾರೆಕ್ಟರ್ ಲಿನಕ್ಸ್‌ನಲ್ಲಿ ನಾಲ್ಕು ಬೈಟ್, ವಿಂಡೋಸ್‌ನಲ್ಲಿ ಎರಡು. ಅದನ್ನ ಹಾಗೇ ಫೈಲ್‌ಗೆ ಬರೀಬೇಡಿ. ಹೊರಗೆ ಹೋಗೋದು, ಒಳಗೆ ಬರೋದು ಎಲ್ಲಾ ಯುಟಿಎಫ್-8 ಆಗಿರಲಿ.

ಕತ್ತರಿಸಲೇಬೇಕು ಅಂದ್ರೆ? ವೈಡ್ ಮಾಡಿದ ಮೇಲೆ ಆ ಜಾಗದ ಹಿಂದೆ ಮುಂದೆ ನೋಡಿ. ಹಿಂದಿರೋದು ಹಲಂತನಾ? ಮುಂದಿರೋದು ಗುಡಿಸು, ಕೊಂಬು, ಸೊನ್ನೆ, ಇನ್ನೊಂದು ಹಲಂತ, ಇಂಥದ್ದಾ? ಹಾಗಿದ್ರೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ನೋಡಿ. ಈ ಲೂಪ್‌ಗೆ ಹತ್ತು ಸಾಲು ಸಾಕು. ವಿಜಯಲಕ್ಷ್ಮಿಗೆ ಹಾಕಿದ್ರೆ 'ವಿಜಯಲ'ಕ್ಕೆ ನಿಲ್ಲುತ್ತೆ. ಹೆಸರು ಗಿಡ್ಡ ಆಯ್ತು ಅಂತ ಕಣ್ಣಿಗೆ ಕಾಣುತ್ತೆ, ಆಗ ಜಾಗ ಹೆಚ್ಚಿಸೋ ಮಾತು ತೆಗೀಬಹುದು. ನಾವೂ ಕೊನೆಗೆ ಅದನ್ನೇ ಮಾಡಿದ್ದು, 10 ಇದ್ದಿದ್ದನ್ನ 40 ಮಾಡಿ ಆಕೆಗೆ ಹೊಸ ಚೀಟಿ ಕೊಟ್ವಿ.