‘ಪೇಷಂಟ್ ಕಡೆಯವರು ಯಾರಿದ್ದೀರಿ?’

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ರಾತ್ರಿ ಕೂತವರಿಗೂ ಈ ಕೂಗು ಗೊತ್ತು. ಬಾಗಿಲು ಅರ್ಧ ತೆರೆಯುತ್ತದೆ. ಸಿಸ್ಟರ್ ತಲೆ ಹೊರಗೆ ಹಾಕಿ, ‘ಇಪ್ಪತ್ತೆರಡನೇ ಬೆಡ್, ಪೇಷಂಟ್ ಕಡೆಯವರು ಯಾರಿದ್ದೀರಿ?’ ಅನ್ನುತ್ತಾರೆ. ಆಗ ನಾಲ್ಕು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಇಲ್ಲವೇ ಒಬ್ಬರೂ ಇರುವುದಿಲ್ಲ, ಇದ್ದ ಒಬ್ಬರು ಕಾಫಿಗೆ ಹೋಗಿರುತ್ತಾರೆ.

ಇವತ್ತು ನಾನು ಮಾತಾಡುವುದು ಆ ಕೂಗಿಗೆ ಎದ್ದು ನಿಲ್ಲುವವರ ಬಗ್ಗೆ. ಕಾಯಿಲೆ ಬಗ್ಗೆ ಹೇಳಲು ಡಾಕ್ಟರ್‌ಗಳಿದ್ದಾರೆ. ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಗಾಜಿನ ಆಚೆ ನಿಂತವರಿಂದ ಬೈಸಿಕೊಂಡವನು. ಆ ಬೈಗುಳದಲ್ಲಿ ಮುಕ್ಕಾಲು ಪಾಲು ನ್ಯಾಯ ಇತ್ತು ಅಂತ ಗೊತ್ತಾಗಿದ್ದು ರಿಟೈರ್ ಆದ ಮೇಲೆ. ನನ್ನ ಹೆಂಡತಿಗೆ ಪಿತ್ತಕೋಶದ ಆಪರೇಷನ್ ಆಯಿತು, ಬೇರೆ ಆಸ್ಪತ್ರೆಯಲ್ಲಿ. ನಾನು ಮೊದಲ ಸಲ ಪೇಷಂಟ್ ಕಡೆಯವನಾದೆ.

ಮೊದಲು ಒಂದು ಮಾತು. ಮನೆಯಿಂದ ಎಷ್ಟು ಜನ ಬೇಕಾದರೂ ಬನ್ನಿ, ಆದರೆ ಆಸ್ಪತ್ರೆಯ ಜೊತೆ ಮಾತಾಡುವವರು ಒಬ್ಬರೇ ಇರಲಿ. ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಬೆಳಿಗ್ಗೆ ಡಾಕ್ಟರ್ ಮಗಳಿಗೆ ಒಂದು ಹೇಳಿರುತ್ತಾರೆ, ಮಧ್ಯಾಹ್ನ ಡ್ಯೂಟಿ ಡಾಕ್ಟರ್ ಅಳಿಯನಿಗೆ ಇನ್ನೊಂದು ಹೇಳಿರುತ್ತಾರೆ. ರಾತ್ರಿ ಅಮೆರಿಕದಿಂದ ಮಗ ಫೋನ್ ಮಾಡಿ ಮೂರನೆಯದನ್ನು ಕೇಳುತ್ತಾನೆ. ಎಲ್ಲರೂ ಸರಿಯಾಗಿಯೇ ಕೇಳಿಸಿಕೊಂಡಿರುತ್ತಾರೆ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರುವುದಿಲ್ಲ.

ಹೊರಡುವಾಗ ಏನು ತೆಗೆದುಕೊಂಡು ಹೋಗಬೇಕು? ಆಧಾರ್, ವಿಮೆ ಕಾರ್ಡ್, ಹಳೆ ರಿಪೋರ್ಟು ಇವೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಮಾತ್ರೆ ವಿಷಯ. ‘ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಅರ್ಧ ಗುಲಾಬಿ ಮಾತ್ರೆ’ ಅಂದರೆ ಯಾವ ಡಾಕ್ಟರಿಗೂ ಅರ್ಥವಾಗುವುದಿಲ್ಲ. ತಿನ್ನುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಕಷಾಯ ಇದ್ದರೆ ಅದನ್ನೂ ಹೇಳಿ, ನಾಚಿಕೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಆಪರೇಷನ್ನಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರ್ ಹೇಳಬೇಕು. ನೀವಾಗಿಯೇ ನಿಲ್ಲಿಸುವುದೂ ತಪ್ಪು, ಹೇಳದೆ ಮುಂದುವರಿಸುವುದೂ ತಪ್ಪು.

ಚಿನ್ನ ಮನೆಯಲ್ಲೇ ಬಿಟ್ಟು ಹೋಗಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಬಳೆ, ಮೂಗುತಿ ಬಿಚ್ಚುತ್ತಾ ಕೂರುವುದು ಎಷ್ಟು ಸಂಕಟ ಅಂತ ಕಂಡವರಿಗೇ ಗೊತ್ತು. ತಾಳಿ ಬಿಚ್ಚಲು ಒಪ್ಪದ ಹಿರಿಯರು ಈಗಲೂ ಇದ್ದಾರೆ. ಅಂಥವರಿಗೆ ಮೊದಲೇ ಅರಿಶಿನ ದಾರದ ವಿಷಯ ಕೇಳಿ ತಿಳಿದುಕೊಳ್ಳಿ, ಕೆಲವು ಕಡೆ ಅದನ್ನು ಕೈಗೆ ಕಟ್ಟಿ ಮೇಲೆ ಪ್ಲಾಸ್ಟರ್ ಹಚ್ಚಲು ಬಿಡುತ್ತಾರೆ. ನನ್ನ ಹೆಂಡತಿಯ ಕಾಲುಂಗುರ ಮೂವತ್ತೈದು ವರ್ಷದಿಂದ ಬೆರಳಿಗೆ ಕಚ್ಚಿಕೊಂಡಿತ್ತು. ಹಿಂದಿನ ರಾತ್ರಿ ಸೋಪಿನ ನೀರು ಹಚ್ಚಿ ಅರ್ಧ ಗಂಟೆ ಒದ್ದಾಡಿದೆವು. ಇನ್ನೊಂದು, ಹಲ್ಲಿನ ಸೆಟ್. ಅದಕ್ಕೆ ಹೆಸರು ಬರೆದ ಡಬ್ಬಿ ಕೊಡಿ. ಟಿಶ್ಯೂದಲ್ಲಿ ಸುತ್ತಿ ಊಟದ ತಟ್ಟೆ ಪಕ್ಕ ಇಟ್ಟರೆ ತಟ್ಟೆಯ ಜೊತೆ ಹಲ್ಲೂ ಹೋಗುತ್ತದೆ.

ಇನ್ನು ರೂಮು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಜನರಲ್ ವಾರ್ಡು, ಇಬ್ಬರ ರೂಮು, ಸ್ಪೆಷಲ್ ರೂಮು ಅಂತ ಇರುತ್ತದಲ್ಲ, ಅದು ಬರೀ ಹಾಸಿಗೆಯ ಬಾಡಿಗೆ ಅಂದುಕೊಳ್ಳುತ್ತೇವೆ. ಅಲ್ಲ. ಬಹಳ ಆಸ್ಪತ್ರೆಗಳಲ್ಲಿ ರೂಮು ಮೇಲೇರಿದ ಹಾಗೆ ಡಾಕ್ಟರ ಫೀಸು, ನರ್ಸಿಂಗ್ ಚಾರ್ಜು, ಥಿಯೇಟರ್ ಬಾಡಿಗೆ ಎಲ್ಲವೂ ಮೇಲೇರುತ್ತದೆ. ಡಾಕ್ಟರ್ ಅದೇ, ಚಾಕು ಅದೇ. ದಿನಕ್ಕೆ 5,000 ರೂಪಾಯಿ ದಾಟಿದ ರೂಮಾದರೆ, ಐಸಿಯು ಬಿಟ್ಟು, 2022ರ ಜುಲೈ 18ರಿಂದ ಬಾಡಿಗೆಗೆ ಶೇಕಡಾ 5 ಜಿಎಸ್‌ಟಿ ಕೂಡ ಬಂತು.

ಅದಕ್ಕಿಂತ ದೊಡ್ಡ ಹೊಡೆತ ವಿಮೆಯದ್ದು. ನಿಮ್ಮ ಪಾಲಿಸಿ 3 ಲಕ್ಷದ್ದು, ರೂಮಿಗೆ ದಿನಕ್ಕೆ ಶೇಕಡಾ 1 ಮಿತಿ ಅಂತ ಇಟ್ಟುಕೊಳ್ಳಿ. ಅಂದರೆ 3,000. ನೆಂಟರು ನೋಡಲು ಬರುತ್ತಾರೆ, ಮರ್ಯಾದೆ ಪ್ರಶ್ನೆ ಅಂತ ನೀವು 6,000ದ ರೂಮು ತಗೊಂಡಿರಿ. ದಿನಕ್ಕೆ 3,000 ಕೈಯಿಂದ ಹೋಗುತ್ತೆ, ಹೋಗಲಿ ಬಿಡು ಅಂದುಕೊಳ್ಳುತ್ತೀರಿ. ಆದರೆ ನೀವು ತಗೊಂಡಿದ್ದು ಮಿತಿಯ ಎರಡರಷ್ಟು ರೂಮು ಅಂತ ಡಾಕ್ಟರ ಫೀಸು, ಥಿಯೇಟರ್ ಚಾರ್ಜು, ನರ್ಸಿಂಗ್ ಎಲ್ಲದರಲ್ಲೂ ಕಂಪನಿ ಅರ್ಧವನ್ನೇ ಕೊಡುತ್ತದೆ. ಈ ಬಾಬ್ತುಗಳು 1 ಲಕ್ಷ ಆಗಿದ್ದರೆ 50,000 ನಿಮ್ಮದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಮೇಲೆ ಹೀಗೆ ಕತ್ತರಿ ಹಾಕುವ ಹಾಗಿಲ್ಲ ಅಂತ ನಿಯಮ ಇದೆ. ಹಾಕಿದ್ದರೆ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ನನ್ನ ಕೌಂಟರಿನ ಮುಂದೆ ಜನ ಕಣ್ಣೀರು ಹಾಕಿದ್ದು ಈ ಒಂದು ಲೆಕ್ಕಕ್ಕೆ. ಅಡ್ಮಿಟ್ ಆಗುವ ದಿನ ಪಾಲಿಸಿಯ ಆ ಒಂದು ಸಾಲು ಓದಿದ್ದರೆ ಆಗುತ್ತಿತ್ತು. ಓದುವುದು ಯಾರು ಹೇಳಿ, ಎದೆನೋವು ಅಂತ ಓಡಿ ಬಂದಾಗ? ಅದಕ್ಕೇ ಇವತ್ತು ಮನೆಗೆ ಹೋಗಿ ಓದಿ. ಎಲ್ಲರೂ ಗಟ್ಟಿಮುಟ್ಟಾಗಿ ಇರುವಾಗ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆಯೂ ಇದೇ ಮಾತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ತುರ್ತು ಸ್ಥಿತಿ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ಮತ್ತು ಅಡ್ಮಿಟ್ ಆಗುವಾಗಲೇ ಹೇಳಬೇಕು. ಬಿಲ್ ಕೈಗೆ ಬಂದ ಮೇಲೆ ಕಾರ್ಡ್ ತೆಗೆದರೆ ಕೌಂಟರಿನವನು ಏನೂ ಮಾಡಲಾರ.

ಈಗ ಒಳಗಿನ ದಿನಚರಿ. ಆಸ್ಪತ್ರೆಗೆ ಅದರದ್ದೇ ಪಂಚಾಂಗ ಇದೆ. ಸಿಸ್ಟರ್‌ಗಳ ಶಿಫ್ಟ್ ಬದಲಾಗುವ ಅರ್ಧ ಗಂಟೆ ಅಲ್ಲಿನ ರಾಹುಕಾಲ. ಹೋಗುವವರು ಬರುವವರಿಗೆ ಒಂದೊಂದೇ ಬೆಡ್ಡಿನ ವಿಷಯ ಒಪ್ಪಿಸುತ್ತಿರುತ್ತಾರೆ. ಆಗ ‘ಬೆಡ್‌ಶೀಟ್ ಬದಲಾಯಿಸಿ’ ಅಂತ ಹೋಗಬೇಡಿ. ದೊಡ್ಡ ಡಾಕ್ಟರ್ ರೌಂಡ್ಸ್‌ಗೆ ಬಂದು ಹಾಸಿಗೆ ಪಕ್ಕ ನಿಲ್ಲುವುದು ಮೂರೋ ನಾಲ್ಕೋ ನಿಮಿಷ. ಎದುರಿಗೆ ಕಂಡ ಕೂಡಲೇ ನಮಗೆ ಕೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹತ್ತು ಬೇಡ.

ಇಂಜೆಕ್ಷನ್ ಕೊಡುವ ಮೊದಲು ಕೈಯ ಪಟ್ಟಿ ನೋಡಿ ಹೆಸರು ಕೇಳುತ್ತಾರೆ. ‘ಎಷ್ಟು ಸಲ ಕೇಳ್ತೀರಿ?’ ಅಂತ ರೇಗಬೇಡಿ. ಕೇಳದಿದ್ದರೆ ರೇಗಿ. ಡ್ರಿಪ್ ಹಾಕಿದ ಕೈ ಊದಿದರೆ, ಉರಿದರೆ ತಕ್ಷಣ ಹೇಳಿ, ಬೆಳಗಾಗುವವರೆಗೆ ಕಾಯಬೇಡಿ.

ನನ್ನ ವಯಸ್ಸಿನವರಿಗೆ ಒಂದು ಮಾತು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕು. ಬೆಲ್ ಕೈಯಲ್ಲೇ ಇದೆ. ‘ಪಾಪ, ಆ ಹುಡುಗಿಗೆ ಯಾಕೆ ತೊಂದರೆ, ಮಗನೂ ಈಗ ಕಣ್ಣು ಮುಚ್ಚಿದ್ದಾನೆ’ ಅಂತ ನಾವೇ ಎದ್ದು ಹೊರಡುತ್ತೇವೆ. ನೆಲ ಹೊಸದು, ಕತ್ತಲು ಹೊಸದು, ಒಳಗೆ ನಿದ್ದೆ ಬರಿಸುವ ಔಷಧಿ. ಜ್ವರಕ್ಕೆ ಅಂತ ಸೇರಿದವರು ಸೊಂಟದ ಮೂಳೆ ಮುರಿದುಕೊಂಡು ಇನ್ನೊಂದು ಬಿಲ್ಲಿಗೆ ದಾರಿ ಮಾಡಿದ್ದನ್ನು ನಾನು ಕಂಡಿದ್ದೇನೆ. ಬೆಲ್ ಒತ್ತಿ. ಅದಕ್ಕೂ ಸೇರಿಸಿಯೇ ಚಾರ್ಜ್ ಹಾಕಿರುತ್ತಾರೆ.

ಊಟ. ಪೇಷಂಟ್‌ಗೆ ಡಯಟ್ ಪ್ರಕಾರ ತಟ್ಟೆ ಬರುತ್ತದೆ, ಜೊತೆಯವರಿಗೆ ಕ್ಯಾಂಟೀನು. ಉಪ್ಪಿಲ್ಲ, ಖಾರವಿಲ್ಲ ಅಂತ ಮನೆಯಿಂದ ಸಾರು ತರುವ ಆಸೆ ಎಲ್ಲರಿಗೂ ಇರುತ್ತದೆ. ಸುಮ್ನೆ ಒಮ್ಮೆ ಸಿಸ್ಟರನ್ನು ಕೇಳಿ ತನ್ನಿ. ನೋಡಲು ಬರುವವರು ಪ್ರೀತಿಯಿಂದ ತರುವ ಎಳನೀರು ಕಿಡ್ನಿ ತೊಂದರೆ ಇರುವವರಿಗೆ ವಿಷವಾಗಬಹುದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಬಾಳೆಹಣ್ಣೂ ಹಾಗೇ. ವಿಸಿಟಿಂಗ್ ಅವರ್ಸ್ ಬಗ್ಗೆ ಏನೂ ಹೇಳುವುದಿಲ್ಲ. ನಾವು ಯಾರೂ ಪಾಲಿಸುವುದಿಲ್ಲ, ವಾಚ್‌ಮನ್ ಜೊತೆ ಜಗಳ ಆಡುತ್ತೇವೆ.

ದುಡ್ಡಿನ ವಿಷಯಕ್ಕೆ ಬರೋಣ. ಅಡ್ಮಿಟ್ ಆಗುವಾಗ ಎಸ್ಟಿಮೇಟ್ ಬರೆದು ಕೊಡಿ ಅನ್ನಿ. ಅಲ್ಲಿಂದ ಮುಂದೆ ಎರಡು ದಿನಕ್ಕೊಮ್ಮೆ ಕೌಂಟರಿಗೆ ಹೋಗಿ ‘ಇಲ್ಲಿವರೆಗಿನ ಬಿಲ್ ಕೊಡಿ’ ಅಂತ ಕೇಳಿ. ಬಾರದ ಡಾಕ್ಟರ ವಿಸಿಟು, ಮಾಡದ ಪರೀಕ್ಷೆ ಸೇರಿದ್ದರೆ ಅವತ್ತೇ ಹೇಳಿದರೆ ಸರಿಹೋಗುತ್ತದೆ. ಎಂಟು ದಿನ ಬಿಟ್ಟು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಹೆಚ್ಚಿನವು ಕೆಟ್ಟ ಬುದ್ಧಿಯಿಂದ ಆದವಲ್ಲ, ಕೀಲಿ ಒತ್ತುವಾಗಿನ ತಪ್ಪು. ನಾನೂ ಮಾಡಿದ್ದೇನೆ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಾಗಿ ತಗೊಳ್ಳುವ ಹಾಗಿಲ್ಲ, 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನು ಹಾಗಿದೆ. ಹೊಲ ಅಡವಿಟ್ಟು ಚೀಲದಲ್ಲಿ ನೋಟು ತಂದ ರೈತರನ್ನು ವಾಪಸ್ ಕಳಿಸುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಹೃದಯದ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ, ಮಂಡಿಯ ಇಂಪ್ಲಾಂಟ್‌ಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು. ಮೈಯೊಳಗೆ ಹಾಕಿದ ವಸ್ತುವಿನ ಸ್ಟಿಕ್ಕರ್ ಅನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಬಿಲ್ಲಿನ ಜೊತೆ ತಾಳೆ ನೋಡಲು ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ.

ಹಕ್ಕುಗಳ ಬಗ್ಗೆ ಎರಡು ಮಾತು. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ಖಾಸಗಿ ಡಾಕ್ಟರ್‌ಗಳು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಅದರ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದವರಿಗೆ ಅಡ್ವಾನ್ಸ್ ಕಟ್ಟಿದರೆ ಮಾತ್ರ ಚಿಕಿತ್ಸೆ ಅನ್ನುವ ಹಾಗಿಲ್ಲ. ಬಾಕಿ ಇದೆ ಅಂತ ತೀರಿಕೊಂಡವರ ದೇಹ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಕೇಸ್ ಶೀಟಿನ ಪ್ರತಿ ಬೇಕು ಅಂತ ಬರೆದು ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು. ಇದನ್ನೆಲ್ಲ ಅಲ್ಲಿ ಮೊದಲ ದಿನವೇ ಜೋರು ದನಿಯಲ್ಲಿ ಹೇಳಬೇಕಾಗಿಲ್ಲ. ಗೊತ್ತಿದ್ದರೆ ಸಾಕು, ದನಿ ತಾನೇ ಬದಲಾಗುತ್ತದೆ.

ಕೊನೆಗೆ ಡಿಸ್ಚಾರ್ಜ್. ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರ್ ‘ಇವತ್ತು ಮನೆಗೆ ಹೋಗಮ್ಮಾ’ ಅಂದರು. ಅವಳು ಸೀರೆ ಉಟ್ಟು, ಚಪ್ಪಲಿ ಹಾಕಿ, ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನಾವು ಗೇಟು ದಾಟಿದಾಗ ಸಂಜೆ ಆರೂ ನಲವತ್ತು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ! ಸಮ್ಮರಿ, ಅಂದರೆ ಏನಾಗಿತ್ತು, ಏನು ಚಿಕಿತ್ಸೆ ಕೊಟ್ಟರು ಅನ್ನುವ ಡಿಸ್ಚಾರ್ಜ್ ಕಾಗದ, ಟೈಪ್ ಆಗಬೇಕು, ಡಾಕ್ಟರ್ ಸಹಿ ಹಾಕಬೇಕು, ಅವರು ಥಿಯೇಟರಿನಲ್ಲಿರುತ್ತಾರೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಅದರ ದುಡ್ಡು ಬಿಲ್ಲಿನಲ್ಲಿ ಕಳೆಯಬೇಕು. ಆಮೇಲೆ ಬಿಲ್, ಆಮೇಲೆ ಅದು ವಿಮೆಯವರಿಗೆ. ವಿಮೆ ಕಂಪನಿಗಳ ಮೇಲಿನ ದೊಡ್ಡಣ್ಣ ಐಆರ್‌ಡಿಎಐ 2024ರಲ್ಲಿ ಗಡುವು ಹಾಕಿದೆ. ಸೇರುವಾಗಿನ ನಗದುರಹಿತ ಒಪ್ಪಿಗೆಗೆ 1 ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ 3 ಗಂಟೆ. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದರೆ ಅದನ್ನು ವಿಮೆ ಕಂಪನಿಯೇ ಕೊಡಬೇಕು. ಆದರೆ ಆ ಗಡಿಯಾರ ಶುರುವಾಗುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ. ‘ಕಳಿಸಿದ್ದು ಎಷ್ಟು ಗಂಟೆಗೆ?’ ಅಂತ ಕೇಳಿ ಬರೆದುಕೊಳ್ಳಿ. ಹಿಂದಿನ ದಿನವೇ ‘ನಾಳೆ ಡಿಸ್ಚಾರ್ಜ್ ಇದೆಯಾ?’ ಅಂತ ಕೇಳಿಟ್ಟರೆ ಸಮ್ಮರಿ ಬೇಗ ತಯಾರಾಗುತ್ತದೆ. ಗ್ಲೌಸು, ಡಯಾಪರ್‌ನಂಥ ಸಣ್ಣಪುಟ್ಟ ಬಾಬ್ತನ್ನು ಎಷ್ಟೋ ಪಾಲಿಸಿಗಳು ಕೊಡುವುದಿಲ್ಲ, ಅಷ್ಟು ದುಡ್ಡು ಕೈಯಲ್ಲಿರಲಿ.

ಸಮ್ಮರಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಹೆಸರು, ವಯಸ್ಸು, ಎಡವೋ ಬಲವೋ. ಯಾವ ಹಳೆ ಮಾತ್ರೆ ಮುಂದುವರಿಸಬೇಕು, ಯಾವುದು ಬಿಡಬೇಕು. ‘ಬಾಕಿ ಇರುವ ರಿಪೋರ್ಟ್ ಯಾವುದಾದರೂ ಇದೆಯಾ?’ ಅಂತ ಕೇಳಿ.

ಈ ಕೊನೆ ಪ್ರಶ್ನೆ ನಾನು ಕೇಳಲಿಲ್ಲ. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸುತ್ತಾರೆ, ಅದರ ರಿಪೋರ್ಟು ಬರುವುದು ನಾವು ಮನೆಗೆ ಬಂದ ಎಷ್ಟೋ ದಿನದ ಮೇಲೆ. ಹೊಲಿಗೆ ಬಿಚ್ಚಿದರು, ಅವಳು ಅಡುಗೆಮನೆಗೆ ಮರಳಿದಳು, ನಾನು ಮರೆತೆ. ಮೂರು ವಾರ ಆದ ಮೇಲೆ ರಾತ್ರಿ ಮಲಗಿದಾಗ ಧಡಕ್ಕನೆ ನೆನಪಾಯಿತು. ಬೆಳಗಾಗುವವರೆಗೆ ಅವಳಿಗೆ ಹೇಳಲಿಲ್ಲ. ಲ್ಯಾಬ್ ಕೌಂಟರ್ ತೆರೆಯುವ ಮೊದಲೇ ಹೋಗಿ ನಿಂತೆ. ಕೌಂಟರಿನ ಹುಡುಗಿ ರಿಪೋರ್ಟುಗಳ ಕಟ್ಟು ಬಿಚ್ಚಿ, ನಡುವಿನಿಂದ ಒಂದು ಲಕೋಟೆ ಎಳೆದಳು. ಏನೂ ಇರಲಿಲ್ಲ, ಬರೀ ಹಳೆಯ ಉರಿಯೂತ. ನನ್ನ ಕೈ ನಡುಗುತ್ತಿದ್ದುದನ್ನು ನೋಡಿಯೂ ನೋಡದ ಹಾಗೆ ಅವಳು ರಿಜಿಸ್ಟರ್ ತಿರುಗಿಸಿದಳು.

‘ಪೇಷಂಟ್ ಕಡೆಯವರು ತಾನೆ ಸಾರ್? ಇಲ್ಲಿ ಸಹಿ ಮಾಡಿ. ಪಕ್ಕದ ಕಾಲಮ್ಮಿನಲ್ಲಿ ಸಂಬಂಧ ಬರೆಯಿರಿ.’

ಬರೆದೆ.