ನೀರಿನ ಲೆಕ್ಕ ತಪ್ಪಿತು: ಒಂದೇ ಪಾತ್ರೆಯಲ್ಲಿ ಏಡಿ, ಸಿಗಡಿ, ಮೆಕ್ಕೆಜೋಳ

ಪಾತ್ರೆ ದೊಡ್ಡದು ಅಲ್ವಾ? 20 ಲೀಟರಿನದು. ಊಟಕ್ಕೆ 12 ಜನ ಇದ್ದೇವೆ. ಏಡಿ, ಸಿಗಡಿ, ಕಪ್ಪೆಚಿಪ್ಪು, ಮೆಕ್ಕೆಜೋಳ, ಆಲೂಗಡ್ಡೆ ಎಲ್ಲ ಒಂದೇ ನೀರಿನಲ್ಲಿ ಬೇಯಿಸುವ ಅಡುಗೆ ಇದು. ಈ ಬಿಸಿಲಲ್ಲಿ ಅಡುಗೆಮನೆಯೊಳಗೆ ಇದನ್ನು ಕುದಿಸಿದರೆ ಮನೆಯೆಲ್ಲ ಹಬೆ, ಮೀನಿನ ವಾಸನೆ. ಅದಕ್ಕೇ ಒಲೆಯನ್ನೇ ಹಿತ್ತಿಲಿಗೆ ತಂದಿದ್ದೇವೆ.

ತೊಳೆದದ್ದು, ಹೆಚ್ಚಿದ್ದು ಎಲ್ಲ ನೀವೇ ನೋಡುತ್ತಿದ್ದೀರಿ, ಅದನ್ನು ಮತ್ತೆ ಹೇಳುವುದಿಲ್ಲ. ಕಪ್ಪೆಚಿಪ್ಪಿನ ಬಗ್ಗೆ ಮಾತ್ರ ಒಂದು ಮಾತು. ಬಾಯಿ ತೆರೆದಿರುವ ಚಿಪ್ಪನ್ನು ಹೀಗೆ ಮೆಲ್ಲಗೆ ತಟ್ಟಬೇಕು. ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ ಎಸೆಯಿರಿ, ಪಾಪ ಅನ್ನಬೇಡಿ. ತಂದ ಮೇಲೆ ಸಿಹಿನೀರಿನಲ್ಲಿ ಮುಳುಗಿಸಿ ಇಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಯೂ ಇಡಬೇಡಿ, ಸತ್ತು ಹೋಗುತ್ತವೆ. ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಸಾಕು.

ಉಪ್ಪು ಸುರಿಯುವುದು ನೋಡಿ ಗಾಬರಿಯಾಗಬೇಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಾನು ಲೀಟರಿಗೆ 20 ಗ್ರಾಂ ಹಾಕುತ್ತೇನೆ. ಇಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಆಲೂಗಡ್ಡೆ, ಜೋಳ ಬೇಯುವಾಗ ಒಳಗೆ ಎಳೆದುಕೊಳ್ಳುವಷ್ಟೇ ರುಚಿ ಸಿಗುವುದು. ನೀರು ಸಪ್ಪೆ ಇದ್ದರೆ ಮೇಲೆ ಎಷ್ಟು ಮಸಾಲೆ ಉದುರಿಸಿದರೂ ಒಳಗೆ ಸಪ್ಪೆಯೇ. ಬೆಳ್ಳುಳ್ಳಿ ಗೆಡ್ಡೆಗಳನ್ನು ಅಡ್ಡ ಕತ್ತರಿಸಿ ಹಾಗೇ ಹಾಕಿದ್ದೇನೆ. ನಿಂಬೆ, ಈರುಳ್ಳಿ, ಪಲಾವ್ ಎಲೆ, ಕಾಳುಮೆಣಸು, ಖಾರದ ಪುಡಿ ಕೂಡ ಇವೆ.

ಸಾಸೇಜ್ ಬಗ್ಗೆ ನನ್ನ ತಕರಾರು ಇದೆ. ಸಮುದ್ರದ ರುಚಿಗೆ ಹೊಗೆ ಹಾಕಿದ ಮಾಂಸ ಯಾಕೆ ಬೇಕು? ಇರಲಿ, ಅಕ್ಕ ಹಠ ಮಾಡಿ ತಂದಿದ್ದಾಳೆ, ಹಾಕುತ್ತೇನೆ.

ಈಗ ಬರುವ ಶಾಟ್ ಕತ್ತರಿಸಿ ಹಾಕೋಣ ಅಂದುಕೊಂಡಿದ್ದೆ. ಬೇಡ, ಪೂರ್ತಿ ನೋಡಿ. ನೀರು ಕುದಿಯಿತು, ಆಲೂಗಡ್ಡೆ ಹಾಕಿ ಎಂಟು ನಿಮಿಷ ಆಯಿತು. ಅಲ್ಲಿಯವರೆಗೆ ಎಲ್ಲ ಸರಿ. ಸಾಸೇಜ್ ಹಾಕಿದೆ, ಆಮೇಲೆ ಏಡಿ. ಏಡಿಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಮರಗಟ್ಟಿಸಿದ್ದೆ, ಜೀವಂತ ಒದ್ದಾಡುವುದನ್ನು ಕುದಿನೀರಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ಆರನೇ ಏಡಿ ಒಳಗೆ ಹೋಯಿತು ನೋಡಿ, ನೀರು ಉಕ್ಕಿ ನಾಲ್ಕೂ ಕಡೆ ಸುರಿಯಿತು. ಒಲೆ ಆರಿಹೋಯಿತು.

ನಾನು ಮೊದಲು ಮಾಡಿದ ಕೆಲಸ ಗ್ಯಾಸ್ ಮುಚ್ಚಿದ್ದು. ಅದೊಂದು ಸರಿಯಾಗಿ ಮಾಡಿದೆ. ಒಲೆ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹಾರಿ ಹೋಗುವುದಿಲ್ಲ, ನೆಲದ ಹತ್ತಿರವೇ ನಿಲ್ಲುತ್ತದೆ. ಅಣ್ಣ ಲೈಟರ್ ಹಿಡಿದುಕೊಂಡು ಬಂದ, "ತಡೀರಿ ಅಣ್ಣ, ಹಚ್ಚಬೇಡಿ" ಅಂತ ಕೂಗಿದ್ದು ನನ್ನದೇ ದನಿ. ಮಕ್ಕಳನ್ನು ದೂರ ಕಳಿಸಿ, ವಾಸನೆ ಪೂರ್ತಿ ಹೋಗುವವರೆಗೆ ಕಾದು, ಒಲೆ ಒರೆಸಿ, ಆಮೇಲೆ ಹಚ್ಚಿದೆವು.

ತಪ್ಪು ಎಲ್ಲಾಯಿತು ಅಂದರೆ, 20 ಲೀಟರ್ ಪಾತ್ರೆಗೆ 15 ಲೀಟರ್ ನೀರು ಹಾಕಿದ್ದೆ. ಐದು ಲೀಟರ್ ಜಾಗ ಖಾಲಿ ಇದೆಯಲ್ಲ, ಸಾಕು ಅನ್ನಿಸಿತ್ತು. ಆದರೆ ಎರಡು ಕಿಲೋ ಆಲೂಗಡ್ಡೆಯೇ ಹತ್ತಿರ ಹತ್ತಿರ ಎರಡು ಲೀಟರ್ ನೀರನ್ನು ಮೇಲೆತ್ತುತ್ತದೆ. ಅದರ ಮೇಲೆ ಸಾಸೇಜ್, ಎಂಟು ಏಡಿ. ಜೋಳ, ಕಪ್ಪೆಚಿಪ್ಪು, ಸಿಗಡಿ ಇನ್ನೂ ಹೊರಗೇ ಇದ್ದವು! ನೀವು ಮಾಡುವಾಗ ಹೀಗೆ ಮಾಡಿ: ಎಲ್ಲವನ್ನೂ ಹಸಿಯಾಗಿಯೇ ಖಾಲಿ ಪಾತ್ರೆಗೆ ತುಂಬಿ, ಮುಳುಗುವಷ್ಟು ತಣ್ಣೀರು ಹಾಕಿ. ಅಂಚಿನಿಂದ ನಾಲ್ಕು ಬೆರಳು ಕೆಳಗೇ ನಿಲ್ಲಬೇಕು. ಆಮೇಲೆ ಎಲ್ಲ ಹೊರಗೆ ತೆಗೆಯಿರಿ. ಉಳಿದದ್ದೇ ನಿಮ್ಮ ನೀರಿನ ಅಳತೆ. ಉಪ್ಪಿನ ಲೆಕ್ಕವೂ ಅದಕ್ಕೇ.

ಉಕ್ಕಿ ಹೋದದ್ದಕ್ಕಿಂತ ನನಗೆ ಬೇಜಾರಾದದ್ದು ಕುದಿ ನಿಂತದ್ದಕ್ಕೆ. ಈ ಅಡುಗೆಯಲ್ಲಿ ಇರುವುದೇ ಹೊತ್ತಿನ ಲೆಕ್ಕ. ಪಾತ್ರೆ ಒಂದೇ, ಆದರೆ ಆಲೂಗಡ್ಡೆಗೆ ಇಪ್ಪತ್ತು ನಿಮಿಷ ಬೇಕು, ಸಿಗಡಿಗೆ ಮೂರೇ ನಿಮಿಷ. ನಡುವೆ ಕುದಿ ನಿಂತರೆ ಗಡಿಯಾರ ನೋಡಿ ಪ್ರಯೋಜನ ಇಲ್ಲ. ಹೆಚ್ಚಾದ ನೀರನ್ನು ಬೇರೆ ಪಾತ್ರೆಗೆ ಮೊಗೆದೆ. ಮತ್ತೆ ಕುದಿ ಬರುವಷ್ಟರಲ್ಲಿ ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳಿಯುತ್ತಿತ್ತು. ಜಾಲರಿ ಸೌಟಿನಲ್ಲಿ ಅಷ್ಟನ್ನೂ ಹೊರಗೆ ತೆಗೆದೆ. ನಾಲ್ಕೈದು ಒಡೆದು ಹೋದವು. ಏಡಿಯ ಹೊತ್ತನ್ನು ಹೊಸ ಕುದಿಯಿಂದ ಮತ್ತೆ ಎಣಿಸಿದೆ.

ನೀರು ಕುದಿಯಲಿ, ಅಷ್ಟರಲ್ಲಿ ಒಂದು ವಿಷಯ. ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ ಇದಕ್ಕೆ ಫ್ರಾಗ್‌ಮೋರ್ ಸ್ಟ್ಯೂ ಅನ್ನುತ್ತಾರೆ. ಹೆಸರಲ್ಲಿ ಫ್ರಾಗ್ ಇದೆ, ಪಾತ್ರೆಯಲ್ಲಿ ಕಪ್ಪೆ ಇಲ್ಲ. ಸೇಂಟ್ ಹೆಲೆನಾ ದ್ವೀಪದಲ್ಲಿರುವ ಒಂದು ಜಾಗದ ಹೆಸರು ಅದು. 1960ರ ದಶಕದಲ್ಲಿ ಆ ಕಡೆಯ ರಿಚರ್ಡ್ ಗೇ ಎನ್ನುವವರು ನ್ಯಾಷನಲ್ ಗಾರ್ಡ್ ಎನ್ನುವ ಮೀಸಲು ಸೇನೆಯವರ ಊಟಕ್ಕೆ ಸಿಗಡಿ, ಜೋಳ, ಸಾಸೇಜ್ ಒಟ್ಟಿಗೆ ಬೇಯಿಸಿದರು, ಅಲ್ಲಿಂದ ಹೆಸರಾಯಿತು ಅನ್ನುತ್ತಾರೆ. ಅಮೆರಿಕದ್ದೇ ಇನ್ನೊಂದು ರಾಜ್ಯ ಲೂಸಿಯಾನಾದಲ್ಲಿ ಕ್ರಾಫಿಷ್, ಅಂದರೆ ಸಿಗಡಿಯಂಥ ಸಿಹಿನೀರಿನ ಜೀವಿ, ಬೇಯಿಸುವವರು ಒಲೆ ಆರಿಸಿದ ಮೇಲೂ ಅದೇ ಮಸಾಲೆ ನೀರಿನಲ್ಲಿ ನೆನೆಯಲು ಬಿಡುತ್ತಾರೆ, ಖಾರ ಆಗ ಇಳಿಯುತ್ತದೆ ಅಂತ. ಅಯ್ಯೋ, ಕುದಿ ಬಂದೇ ಬಿಟ್ಟಿತು, ಜೋಳ ಹಾಕಬೇಕು.

ಜೋಳ ಹಾಕಿ ಎರಡು ನಿಮಿಷಕ್ಕೆ ಕಪ್ಪೆಚಿಪ್ಪು. ಕೊನೆಗೆ ಸಿಗಡಿ. ಬಣ್ಣ ನೋಡಿ! ಬೂದು ಬಣ್ಣದ್ದು ಕಣ್ಣೆದುರೇ ಕೆಂಪಾಗುತ್ತದೆ. ಆ ಕೆಂಪು ಮೊದಲೇ ಚಿಪ್ಪಿನಲ್ಲಿರುತ್ತದೆ, ಅಸ್ಟಾಕ್ಸಾಂಥಿನ್ ಅಂತ. ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಬಿಸಿ ತಾಗಿದಾಗ ಬಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಸಿಗಡಿ ಕೊಕ್ಕೆಯ ಹಾಗೆ ಬಾಗಿದರೆ ಬೆಂದಿದೆ. ಉಂಗುರದ ಹಾಗೆ ಸುತ್ತಿಕೊಂಡರೆ ಹೊತ್ತು ಮೀರಿತು, ರಬ್ಬರ್ ಆಗುತ್ತದೆ. ಹಾಗಾಗಿ ನೆನೆಸುವ ಆಸೆ ಬಿಟ್ಟು ತಕ್ಷಣ ಬಸಿಯುತ್ತಿದ್ದೇನೆ.

ಆಲೂಗಡ್ಡೆ ಮತ್ತೆ ಸೇರಿತು. ಬೆಣ್ಣೆ, ಬೆಳ್ಳುಳ್ಳಿ, ಖಾರದ ಪುಡಿ ಕಾಯಿಸಿ, ಮೊಗೆದಿಟ್ಟ ನೀರು ಒಂದು ಸೌಟು ಸೇರಿಸಿ ಮೇಲೆ ಸುರಿದೆ. ಬೇಯಿಸಿದ ಮೇಲೂ ಬಾಯಿ ಬಿಡದ ಚಿಪ್ಪು ಕಂಡರೆ ತೆಗೆದಿಡಿ, ತಿನ್ನಬೇಡಿ. ಆ ಮೂಲೆಯ ಚಿಕ್ಕ ಪಾತ್ರೆ ಅತ್ತಿಗೆಯದು, ಅವರಿಗೆ ಸಿಗಡಿ ಅಲರ್ಜಿ. ಸಿಗಡಿ ಆರಿಸಿ ತೆಗೆದು ಕೊಡುವುದು ನಡೆಯುವುದಿಲ್ಲ, ಇದೇ ನೀರಿನಲ್ಲಿ ಬೆಂದ ಜೋಳವೂ ಅವರಿಗೆ ಅಪಾಯ. ನೀರು, ಸೌಟು, ಬೆಣ್ಣೆ ಎಲ್ಲ ಬೇರೆ.

ಇಲ್ಲಿ ನಾನು ಸಾಸೇಜ್ ಬಾಯಿಗೆ ಹಾಕಿಕೊಂಡು ಸುಮ್ನೆ ನಿಂತಿದ್ದೇನೆ. ಆಗ ಹೇಳಿದ್ದು ವಾಪಸ್ ತೆಗೆದುಕೊಳ್ಳುತ್ತೇನೆ. ಅದರ ಹೊಗೆವಾಸನೆ ಜೋಳಕ್ಕೆ ಹಿಡಿದಿದೆ, ತುಂಬಾ ಚೆನ್ನಾಗಿದೆ. ಅಕ್ಕ ಹೇಳಿದ್ದೇ ಸರಿ. ಒಡೆದ ಆಲೂಗಡ್ಡೆ ಇದೆಯಲ್ಲ, ಅದು ಜಾಸ್ತಿ ಬೆಣ್ಣೆ ಕುಡಿದಿತ್ತು, ಮೊದಲು ಖಾಲಿಯಾದದ್ದು ಅದೇ.

ಇಷ್ಟು ಸೆಕೆಯಲ್ಲಿ ಇದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡುವ ಹಾಗಿಲ್ಲ. ನನ್ನ ಪಾಲಿನ ಏಡಿ ಇನ್ನೂ ಹಾಗೇ ಇದೆ, ಕೈಯೆಲ್ಲ ಬೆಣ್ಣೆ. ಕ್ಯಾಮೆರಾ ಅಣ್ಣನಿಗೆ ಕೊಡುತ್ತೇನೆ.